ಮಲಗಿಸಿದ ಮಡಕೆ

ನನ್ನ ಹೆಂಡತಿ ಇದಲೀನಳನ್ನು ಮದುವೆ ಊಟಕ್ಕೆ ಕರೆದುಕೊಂಡು ಹೋಗುವುದು ಸುಲಭದ ಕೆಲಸವಲ್ಲ. ಎಲ್ಲರೂ ಮದುಮಗಳ ಉಡುಪು ನೋಡುತ್ತಿದ್ದರೆ ಇವಳು ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಬೋರಲು ಹಾಕಿ, ಕನ್ನಡಕವನ್ನು ಹಣೆಗೇರಿಸಿ, ಅದರ ತಳದಲ್ಲಿ ಬೆರಳಾಡಿಸುತ್ತಿರುತ್ತಾಳೆ. "ಇಲ್ನೋಡು ಅಮಾಂದಿಯು, ಇದನ್ನ ಎಳೆದು ಕಿತ್ತಿದಾರೆ. ಓರೆ ಸಾಲದು. ಯಾರೋ ಅರ್ಜೆಂಟಲ್ಲಿ ಬಿಡಿಸಿರೋದು," ಎನ್ನುತ್ತಾಳೆ. ಆಚೆ ಕಡೆ ಕೂತ ಪಾದ್ರಿಗೂ ತೋರಿಸುತ್ತಾಳೆ. ಪಾದ್ರಿಯೂ ಡಬ್ಬಿಯನ್ನು ಬೆಳಕಿಗೆ ಹಿಡಿದು ಹೌದೆಂದು ತಲೆಯಾಡಿಸುತ್ತಾರೆ. ಪೋರ್ಚುಗಲ್ಲಿನ ನಮ್ಮ ಮರಿನ್ಯ ಗ್ರಾಂಡಿಯ ಪಾದ್ರಿಗೂ ಇಷ್ಟು ತಿಳಿದಿರುತ್ತದೆ. ಈ ಊರಲ್ಲಿ ಮನೆಗೊಬ್ಬರಾದರೂ ಅಚ್ಚಿನ ಕೆಲಸದವರು.

ಇದಲೀನಳ ಕೆಲಸ ಇಷ್ಟು. ಗಿರಾಕಿ ಬಂದು ಕಾರಿನ ದೀಪದ ಹಿಂಬದಿ ಬೇಕು ಅನ್ನುತ್ತಾನೆ, ಇಲ್ಲವೇ ಔಷಧಿ ಡಬ್ಬಿಗೆ ಮುಚ್ಚಳ ಬೇಕು ಅನ್ನುತ್ತಾನೆ. ಇವಳು ಅದನ್ನು ಕಂಪ್ಯೂಟರಿನ ಪರದೆಯ ಮೇಲೆ ಗೋಡೆ ಗೋಡೆಯಾಗಿ ಕಟ್ಟುತ್ತಾಳೆ. ಆ ಆಕಾರವನ್ನು ನಮ್ಮ ಯಂತ್ರಗಳು ಲೋಹದ ಎರಡು ಹೋಳುಗಳಲ್ಲಿ ಕೊರೆಯುತ್ತವೆ. ಕೊರೆದದ್ದನ್ನು ಉಜ್ಜಿ ಹೊಳಪು ಕೊಡುವವನು ನಾನು. ಎರಡು ಹೋಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ನಡುವಿನ ಟೊಳ್ಳಿಗೆ ಕರಗಿದ ಪ್ಲಾಸ್ಟಿಕ್ ಒತ್ತಡದಿಂದ ನುಗ್ಗುತ್ತದೆ, ತಣಿಯುತ್ತದೆ, ಅಚ್ಚು ಬಾಯಿ ಬಿಡುತ್ತದೆ, ವಸ್ತು ಕೆಳಗೆ ಬೀಳುತ್ತದೆ. ಬೀಳಬೇಕು. ಬೀಳದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ.

ಪ್ಲಾಸ್ಟಿಕ್ ತಣಿಯುವಾಗ ಕುಗ್ಗಿ ಒಳಗಿನ ಲೋಹವನ್ನು ಅಪ್ಪಿಕೊಳ್ಳುತ್ತದೆ. ಗೋಡೆಗಳು ನೆಟ್ಟಗಿದ್ದರೆ ಅದು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅದಕ್ಕೆ ಪ್ರತಿ ಗೋಡೆಗೂ ಚೂರು ಓರೆ ಕೊಡಬೇಕು. ಪುಡಿಂಗ್ ಮಾಡುವ ಪಾತ್ರೆ ಮೇಲೆ ಅಗಲ, ಕೆಳಗೆ ಕಿರಿದು ಇರುತ್ತದಲ್ಲ, ಹಾಗೆ. ದಪ್ಪ ಎಲ್ಲ ಕಡೆಯೂ ಒಂದೇ ಇರಬೇಕು, ಹೆಚ್ಚು ದಪ್ಪವಾದ ಕಡೆ ಹೊರಮೈಯಲ್ಲಿ ಗುಳಿ ಬೀಳುತ್ತದೆ. ಇದಲೀನ ಇದನ್ನೆಲ್ಲ ಲೆಕ್ಕ ಹಾಕಿ ಮಾಡುವುದಿಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಲೆಕ್ಕವನ್ನೂ ಹಾಕುತ್ತಾಳೆ. ಆದರೆ ಲೆಕ್ಕಕ್ಕೆ ಮೊದಲೇ ಅವಳಿಗೆ ಗೊತ್ತಿರುತ್ತದೆ. ಪರದೆಯ ಮೇಲೆ ವಸ್ತುವನ್ನು ಒಮ್ಮೆ ತಿರುಗಿಸಿ ನೋಡಿ, "ಇದು ಈ ಕಡೆಯಿಂದ ಬರತ್ತೆ," ಎಂದುಬಿಡುತ್ತಾಳೆ. ಆಮೇಲೆ ಒಂದು ಗುಂಡಿ ಒತ್ತುತ್ತಾಳೆ. ಸಲೀಸಾಗಿ ಕಳಚುವ ಗೋಡೆಗಳು ಹಸಿರಾಗುತ್ತವೆ, ಸಿಕ್ಕಿಕೊಳ್ಳುವವು ಕೆಂಪಾಗುತ್ತವೆ. ಅವಳ ಕೆಲಸದಲ್ಲಿ ಕೆಂಪು ಕಂಡವರು ಕಡಿಮೆ. ಅದನ್ನು ಅವಳೇ ಎಲ್ಲರಿಗೂ ಹೇಳುತ್ತಾಳೆ. ವಿನಯ ಅವಳಲ್ಲಿಲ್ಲ, ಇರಬೇಕೆಂದು ನನಗೂ ಅನಿಸಿಲ್ಲ. ಚೆನ್ನಾಗಿ ಮಾಡುವವರು ಚೆನ್ನಾಗಿ ಮಾಡುತ್ತೇನೆ ಅಂದರೆ ತಪ್ಪೇನು?

ಅವಳ ತಮ್ಮ ಜೆಫೆರೀನು ಮಾತ್ರ ಇದನ್ನು ಒಪ್ಪುವವನಲ್ಲ. ಅವನು ಪೆನಿಶ್‌ ಎಂಬ ಬಂದರಿನಲ್ಲಿ ದೋಣಿ ಇಟ್ಟುಕೊಂಡು ಆಕ್ಟೋಪಸ್ ಹಿಡಿಯುತ್ತಾನೆ. ಉದ್ದ ಹಗ್ಗಕ್ಕೆ ಸಾಲಾಗಿ ಮಣ್ಣಿನ ಮಡಕೆ ಕಟ್ಟಿ ಸಮುದ್ರದ ತಳಕ್ಕೆ ಬಿಡುತ್ತಾನೆ. ಒಳಗೆ ಮೇವು ಇಡುವುದಿಲ್ಲ. ಕತ್ತಲ ಗೂಡು ಸಿಕ್ಕಿತೆಂದು ಆಕ್ಟೋಪಸ್ ತಾನಾಗಿ ಬಂದು ಕೂರುತ್ತದೆ, ಅಷ್ಟೇ. ಆ ಬಂದರಿನ ಮೀನುಗಾರರ ಸಂಘಕ್ಕೂ ಅವನೇ ಮುಖಂಡ. ಹೊಗಳಿಕೆಯ ವಿಷಯದಲ್ಲಿ ಅವನಂಥ ಜುಗ್ಗನನ್ನು ನಾನು ನೋಡಿಲ್ಲ. ಅವರಮ್ಮ ಊರೆಲ್ಲ ಬಾಯಿ ಚಪ್ಪರಿಸುವಂಥ ಅಡುಗೆ ಮಾಡಿದರೆ ಇವನು "ಉಪ್ಪು ಸರಿಯಾಗಿದೆ" ಅನ್ನುತ್ತಾನೆ. ನಮ್ಮ ಮದುವೆಯ ದಿನ ನನ್ನ ಬಗ್ಗೆ ಅವನು ಹೇಳಿದ್ದು ಒಂದೇ ಮಾತು: "ಎತ್ತರ ಇದಾನೆ."

ಈಸ್ಟರ್ ಕಳೆದ ಒಂದು ಭಾನುವಾರ ನಾವು ಅವನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಆಕ್ಟೋಪಸ್ ಹಾಕಿದ ಅನ್ನ, ರೊಟ್ಟಿ, ಬಿಳಿ ವೈನ್. ಮಡಕೆ ಮಾಡುವ ಮುದುಕ ಆವಿಗೆ ಆರಿಸಿ ಮಗಳ ಮನೆಗೆ ಹೋಗಿಬಿಟ್ಟನೆಂದು ಜೆಫೆರೀನು ಗೊಣಗುತ್ತಿದ್ದ. ಇದ್ದ ಮಡಕೆಗಳೂ ಒಂದೊಂದಾಗಿ ದೋಣಿಯ ಅಂಚಿಗೆ ಬಡಿದು ಒಡೆಯುತ್ತಿದ್ದವು.

"ನಾನು ಮಾಡ್ಕೊಡ್ತೀನಿ," ಎಂದಳು ಇದಲೀನ.

"ನೀನಾ? ಪ್ಲಾಸ್ಟಿಕ್ಕಲ್ಲಾ?"

"ಇನ್ನೇನು ಮಣ್ಣು ಕಲಸ್ಲಾ?"

"ಅಕ್ಕಾ, ನಿಂದು ಬಕೆಟ್ಟು ಚೊಂಬಿನ ವ್ಯವಹಾರ. ಆಕ್ಟೋಪಸ್ಸು ಬಹಳ ಸೂಕ್ಷ್ಮ. ಬೇರೆ ಕಡೆಯಿಂದ ಪ್ಲಾಸ್ಟಿಕ್ ತರಿಸಿ ನೋಡಾಯ್ತು. ಹತ್ರಾನೂ ಸುಳೀಲಿಲ್ಲ."

"ಅದನ್ನ ಮಾಡಿದ್ದು ನಾನಲ್ವಲ್ಲ."

"ಕೂತ್ಕೊಂಡು ಚಿತ್ರ ಬಿಡ್ಸಿದಷ್ಟು ಸುಲಭ ಅಲ್ಲ ಕಣೆ."

ನಾನು ಅವಳ ಕಾಲು ಮೆಲ್ಲನೆ ತುಳಿದೆ. ಪ್ರಯೋಜನವಾಗಲಿಲ್ಲ. ಚಿತ್ರ ಬಿಡಿಸುವುದು ಎಂಬ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಚಮಚ ಕೆಳಗಿಟ್ಟು ಅವಳು ಹೇಳಿದಳು: "ಬರೋ ವರ್ಷ ಜೂನಿನ ಸಂತ ಪೇದ್ರು ಹಬ್ಬದೊಳಗೆ ನಿನ್ನ ಬಾಯಿಂದಾನೇ ನನ್ನ ಮಡಕೆ ಸರಿ ಇದೆ ಅನ್ನಿಸ್ತೀನಿ. ಅನ್ನಿಸ್ಲಿಲ್ಲ ಅಂದ್ರೆ ನಾನು ಕಂಪ್ಯೂಟರ್ ಮುಂದೆ ಕೂರಲ್ಲ. ಅಂಚು ಕೆರೆಯೋ ಮೇಜಿಗೆ ಹೋಗ್ತೀನಿ."

ಅಂಚು ಕೆರೆಯುವ ಮೇಜು ಎಂದರೆ, ಅಚ್ಚಿನ ಸಂದಿಯಲ್ಲಿ ಉಳಿದುಬಿಡುವ ಪ್ಲಾಸ್ಟಿಕ್ ಸಿಪ್ಪೆಯನ್ನು ಚಾಕುವಿನಿಂದ ತೆಗೆಯುವ ಜಾಗ. ಇದಲೀನ ಹುಡುಗಿಯಾಗಿ ಕೆಲಸಕ್ಕೆ ಸೇರಿದ್ದು ಅಲ್ಲಿಗೇ. ಅಲ್ಲಿಂದ ಸಂಜೆ ಶಾಲೆಗೆ ಹೋಗಿ, ಕಂಪ್ಯೂಟರ್ ಕಲಿತು, ಮಾದರಿ ಬಿಡಿಸುವ ಕುರ್ಚಿಗೆ ಬರಲು ಅವಳ ಯೌವನವೆಲ್ಲ ಹಿಡಿದಿದೆ. ಆ ಕುರ್ಚಿಯನ್ನು ಅವಳು ಪಣಕ್ಕಿಟ್ಟಳು. ತಮಾಷೆಗೆ ಇಟ್ಟದ್ದಲ್ಲ ಎಂದು ನನಗೆ ಗೊತ್ತಿತ್ತು. ಆಡಿದ ಮಾತನ್ನು ನುಂಗುವ ಹೆಂಗಸಲ್ಲ ಅವಳು. ನುಂಗಿದ್ದರೆ ನನಗೆಷ್ಟೋ ಸುಖವಿತ್ತು.

ನಮ್ಮ ಕಾರ್ಖಾನೆಯ ಯಜಮಾನ ಬೆಲಾರ್ಮೀನುಗೆ ವಿಷಯ ಹಿಡಿಸಿತು. ಬೇರೆಯವರ ಕಾರುಗಳಿಗೆ ಬಿಡಿಭಾಗ ಮಾಡಿ ಮಾಡಿ ಅವರಿಗೆ ಸಾಕಾಗಿತ್ತು. "ನಮ್ಮದೇ ಅಂತ ಒಂದು ವಸ್ತು ಬೇಕು ಇದಲೀನ," ಎಂದರು. "ಆದ್ರೆ ಸಂಘದೋರು ಕೊಳ್ಳೋದು ನಿಮ್ಮ ತಮ್ಮ ಹೂಂ ಅಂದ್ಮೇಲೇನೇ. ಅವನ ಬಾಯಿಂದ ಹೂಂ ಅನ್ಸೋದು ನಿಮ್ಮ ಜವಾಬ್ದಾರಿ."

"ಅನ್ನಿಸ್ತೀನಿ ಸೆನ್ಯೋರ್ ಬೆಲಾರ್ಮೀನು. ಅವನು ಹುಟ್ಟಿದಾಗಿಂದ ನೋಡಿದೀನಿ."

ಪಣದ ಸುದ್ದಿ ಆ ವಾರವೇ ಕಾರ್ಖಾನೆಯನ್ನೆಲ್ಲ ಸುತ್ತಿತು. ಅಂಚು ಕೆರೆಯುವ ಮೇಜಿನ ಹಿರಿಯಳು ಗ್ರಾಸಿಯೆತಿ. ಅವಳ ನಾಲಿಗೆ ಅವಳ ಚಾಕುವಿಗಿಂತ ಹರಿತ. ಊಟದ ಹೊತ್ತಿಗೆ ಇದಲೀನ ಹಾದುಹೋದರೆ ಸಾಕು, "ದೋನ ಇದಲೀನ, ನಿಮ್ಗೆ ಕಿಟಕಿ ಪಕ್ಕದ ಸ್ಟೂಲಾ, ಗೋಡೆ ಪಕ್ಕದ್ದಾ? ಈಗ್ಲೇ ಹೇಳಿ, ಆಮೇಲೆ ಜಗಳ ಆಡ್ಬಾರ್ದು," ಎನ್ನುತ್ತಿದ್ದಳು.

"ಕಿಟಕಿ ಪಕ್ಕದ್ದೇ ಇಡು. ಆಕ್ಟೋಪಸ್ ತಂದು ಕೂರಿಸ್ತೀನಿ," ಎಂದು ಇವಳು ಮುಂದೆ ಹೋಗುತ್ತಿದ್ದಳು.

ಜೆಫೆರೀನು ಕೊಟ್ಟ ಒಂದು ಮಣ್ಣಿನ ಮಡಕೆಯನ್ನು ಎದುರಿಗಿಟ್ಟುಕೊಂಡು ಇದಲೀನ ಅದನ್ನು ಹಾಗೆಯೇ ಪರದೆಯ ಮೇಲೆ ಕಟ್ಟಿದಳು. ಉಬ್ಬಿದ ಹೊಟ್ಟೆ, ಕಿರಿದಾದ ಬಾಯಿ, ತಳದಲ್ಲಿ ನೀರು ಬಸಿಯಲು ಒಂದು ತೂತು. ಗುಂಡಿ ಒತ್ತಿದ್ದೇ ತಡ, ಹೊಟ್ಟೆಯ ಒಳಗೆಲ್ಲ ಕೆಂಪು. ನ್ಯಾಯವೇ. ಒಳಗಿನ ಲೋಹ ಹೊಟ್ಟೆಯಷ್ಟು ಅಗಲವಿದ್ದು ಬಾಯಿ ಅದಕ್ಕಿಂತ ಕಿರಿದಿದ್ದರೆ ಲೋಹ ಹೊರಬರುವುದು ಹೇಗೆ? ಅವಳು ಮೂಗು ಮುರಿದು ಕೆಲಸಕ್ಕಿಳಿದಳು. ಹೊಟ್ಟೆಯನ್ನು ತಗ್ಗಿಸಿದಳು, ಬಾಯಿಯನ್ನು ಹಿಗ್ಗಿಸಿದಳು, ಗೋಡೆಗಳನ್ನು ಓರೆ ಮಾಡಿದಳು. ತಳಕ್ಕೆ ಸಿಮೆಂಟ್ ತುಂಬುವ ಗುಳಿ ಇಟ್ಟಳು, ಮಡಕೆ ತೇಲಿಹೋಗಬಾರದಲ್ಲ. ಬಾಯಿಯ ಸುತ್ತ ಹಗ್ಗ ಕಟ್ಟಲು ದಪ್ಪ ಅಂಚು ಬೇಕಾಗಿತ್ತು. ದಪ್ಪ ಮಾಡಿದರೆ ಗುಳಿ ಬೀಳುತ್ತದೆಂದು ತೆಳು ಅಂಚನ್ನೇ ಮಡಚಿ ಕೆಳಗೆ ಪಟ್ಟಿಗಳನ್ನು ನಿಲ್ಲಿಸಿದಳು. ಕೊನೆಗೆ ಗುಂಡಿ ಒತ್ತಿದಾಗ ತಳದಿಂದ ಬಾಯಿಯವರೆಗೆ ಹಸಿರೋ ಹಸಿರು. ನನ್ನನ್ನು ಕೂಗಿ ಕರೆದು ತೋರಿಸಿದಳು. ನೋಡಲು ನಿಜಕ್ಕೂ ಸೊಗಸಾಗಿತ್ತು.

ಪರೀಕ್ಷೆಗೆಂದು ಉಕ್ಕಿನ ಬದಲು ಅಲ್ಯೂಮಿನಿಯಂನಲ್ಲಿ ಅಚ್ಚು ಮಾಡಿದೆವು. ಒಳಗಿನ ಭಾಗಕ್ಕೆ ನಾನು ಕೊಟ್ಟ ಹೊಳಪಿನಲ್ಲಿ ಬೆಲಾರ್ಮೀನು ಮೀಸೆ ತೀಡಿಕೊಂಡರು. ಅಚ್ಚು ಬಾಯಿಬಿಟ್ಟಾಗಲೆಲ್ಲ ಮಡಕೆ ಒಂಚೂರೂ ತಡೆಯದೆ ತಟ್ಟನೆ ಬಿತ್ತು. ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ: ಹೊಸ ಅಚ್ಚಿನಿಂದ ಮೊದಲು ಬಿದ್ದ ವಸ್ತು ಏನೇ ಆಗಿರಲಿ, ಯಜಮಾನರು ಅದಕ್ಕೆ ವೈನ್ ಸುರಿಯುತ್ತಾರೆ, ಮಾದರಿ ಬಿಡಿಸಿದವರು ಕುಡಿಯಬೇಕು. ಕಾರಿನ ದೀಪದ ಮುಚ್ಚಳದಲ್ಲೂ ಇದಲೀನ ಕುಡಿದಿದ್ದಾಳೆ. ಆ ದಿನ ಮಡಕೆಯ ತಳದ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಎರಡೂ ಕೈಯಲ್ಲಿ ಎತ್ತಿ, ತೊಟ್ಟು ಬಿಡದೆ ಕುಡಿದಳು. ಗ್ರಾಸಿಯೆತಿಯೂ ಚಪ್ಪಾಳೆ ತಟ್ಟಿದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಜೆಫೆರೀನು ಆ ಮಡಕೆಗಳನ್ನು ಮಣ್ಣಿನವುಗಳ ನಡುನಡುವೆ ಕಟ್ಟಿ ಸಮುದ್ರಕ್ಕೆ ಬಿಟ್ಟ. ಕೆಲವು ವಾರದ ಮೇಲೆ ಫೋನ್ ಬಂತು. "ಅಕ್ಕಾ, ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತೀಯ. ನೀನೇ ಬಂದು ನೋಡು."

ಹೋದೆವು. ನಾನು ದೋಣಿಯ ಕಟಕಟೆ ಹಿಡಿದುಕೊಂಡು ಬೆಳಗಿನ ಕಾಫಿಯನ್ನು ಅಟ್ಲಾಂಟಿಕ್ಕಿಗೆ ಒಪ್ಪಿಸುತ್ತಿದ್ದರೆ ಅಕ್ಕ ತಮ್ಮ ಇಬ್ಬರೂ ಹಗ್ಗ ಮೇಲೆ ಬರುವುದನ್ನು ನೋಡುತ್ತ ನಿಂತಿದ್ದರು. ಮಣ್ಣಿನ ಮಡಕೆ ಬಂತು. ಒಳಗೆ ಆಕ್ಟೋಪಸ್ ಗಟ್ಟಿಯಾಗಿ ಕಚ್ಚಿಕೊಂಡು ಕೂತಿತ್ತು. ಜೆಫೆರೀನು ತಳದ ತೂತಿನಿಂದ ಕಡು ಉಪ್ಪುನೀರು ಚಿಮ್ಮಿಸಿದ ಮೇಲೆಯೇ ಅದು ಹೊರಬಿದ್ದದ್ದು. ಆಮೇಲೆ ಇದಲೀನಳ ಮಡಕೆ ಬಂತು. ಅದರಲ್ಲೂ ಆಕ್ಟೋಪಸ್ ಇತ್ತು, ನಾನೇ ಕಣ್ಣಾರೆ ಕಂಡೆ. ಮಡಕೆ ನೀರಿನಿಂದ ಮೇಲೆದ್ದು ಚೂರು ವಾಲಿತು, ಅಷ್ಟೇ. ಆಕ್ಟೋಪಸ್ ನುಣ್ಣನೆಯ ಗೋಡೆಯ ಮೇಲೆ ಜಾರಿ, ಇಡಿಯಾಗಿ ಹೊರಬಂದು, ಸಮುದ್ರಕ್ಕೆ ಬಿದ್ದು, ನಮ್ಮ ಮುಖಕ್ಕೆ ಮಸಿ ಬಳಿದಂತೆ ಒಂದಿಷ್ಟು ಮಸಿ ಬಿಟ್ಟು ಹೋಯಿತು. ಮುಂದಿನದೂ ಹಾಗೆಯೇ. ಅದರ ಮುಂದಿನದೂ.

"ನೋಡಿದ್ಯಾ?" ಎಂದ ಜೆಫೆರೀನು. "ಬರ್ತದೆ, ಸ್ವಲ್ಪ ಹೊತ್ತು ಕೂರ್ತದೆ, ಎದ್ದು ಹೋಗ್ತದೆ. ನಿನ್ನ ಮಡಕೆನ ಬಸ್‌ಸ್ಟ್ಯಾಂಡ್ ಅಂದ್ಕೊಂಡಿದೆ."

ಇದಲೀನ ಖಾಲಿ ಮಡಕೆಯೊಂದನ್ನು ಕೈಗೆತ್ತಿಕೊಂಡು ಒಳಗೆ ಬೆರಳಾಡಿಸಿದಳು. ತಲೆ ತಗ್ಗಿಸಿ ಬೆರಳಾಡಿಸುತ್ತಲೇ ಇದ್ದಳು. ನನಗೆ ಹೊಟ್ಟೆಯ ಸಂಕಟದ ನಡುವೆಯೂ ಅವಳ ಬಗ್ಗೆ ಭಯವಾಯಿತು. ಆಮೇಲೆ ನೋಡಿದರೆ ಅವಳ ಭುಜ ಅಲ್ಲಾಡುತ್ತಿತ್ತು, ನಗುತ್ತಿದ್ದಳು.

"ಎಷ್ಟು ಚೆನ್ನಾಗಿ ಕಳಚ್ತು ನೋಡಿದ್ಯೇನೋ ಅಮಾಂದಿಯು? ಒಂಚೂರೂ ಅಂಟ್ಲಿಲ್ಲ. ಆಕ್ಟೋಪಸ್ಸನ್ನೂ ಪ್ಲಾಸ್ಟಿಕ್ ಅಂದ್ಕೊಂಡುಬಿಟ್ಟಿದೀನಿ ನಾನು."

ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಹುಟ್ಟಿದಾಗಿನಿಂದ ನಾವು ಯೋಚಿಸುವುದು ಒಂದನ್ನೇ, ಒಳಗಿರುವುದು ಸಲೀಸಾಗಿ ಹೊರಬರಬೇಕು. ಒಳಗೆ ಹೋದದ್ದು ಅಲ್ಲೇ ಉಳಿಯಬೇಕು ಎಂದು ಯಾವ ಗಿರಾಕಿಯೂ ನಮ್ಮನ್ನು ಕೇಳಿರಲಿಲ್ಲ. ಅಚ್ಚಿನ ಲೋಹಕ್ಕೆ ಅವಳು ಮಾಡಿಕೊಟ್ಟ ದಾರಿಯಲ್ಲೇ ಆಕ್ಟೋಪಸ್ಸೂ ನಡೆದುಹೋಗಿತ್ತು.

"ಹಾಗಾದ್ರೆ ಬಿಟ್ಟುಬಿಡ್ತೀಯಾ?" ಎಂದು ಕೇಳಿದ ಜೆಫೆರೀನು. ಅವನ ದನಿ ಮೊದಲಿನಷ್ಟು ಒರಟಾಗಿರಲಿಲ್ಲ. ಅಕ್ಕ ಮತ್ತೆ ಚಾಕು ಹಿಡಿದು ಸಿಪ್ಪೆ ಕೆರೆಯುವುದು ಅವನಿಗೂ ಬೇಕಿರಲಿಲ್ಲ.

"ಯಾಕೆ ಬಿಡ್ಲಿ? ಸಂತ ಪೇದ್ರು ಇನ್ನೂ ದೂರ ಇದಾನೆ."

ಊರಿಗೆ ಬಂದ ಮೇಲೆ ಬೆಲಾರ್ಮೀನು ಮುಖ ಸಪ್ಪೆ ಮಾಡಿಕೊಂಡರು. ಅಚ್ಚಿನ ಹೊರ ಚೌಕಟ್ಟನ್ನು ಹಾಗೇ ಉಳಿಸಿಕೊಂಡು ನಡುವಿನ ತುಂಡುಗಳನ್ನು ಒಮ್ಮೆ ಬದಲಿಸಬಹುದು, ಇನ್ನೊಮ್ಮೆ ಆಗುವುದಿಲ್ಲ ಎಂದರು. ಇದಲೀನ ಮತ್ತೆ ಮಣ್ಣಿನ ಮಡಕೆಯ ಮಾದರಿಯನ್ನೇ ತೆರೆದಳು. ಅದೇ ಉಬ್ಬು ಹೊಟ್ಟೆ, ಅದೇ ಕಿರಿದು ಬಾಯಿ, ಅದೇ ಕೆಂಪು. ಬಾಯಿಯನ್ನು ಬೇರೆ ಮಾಡಿ ಮುಚ್ಚಳದಂತೆ ಕೂರಿಸಿ ನೋಡಿದಳು. ಹಗ್ಗ ಎಳೆಯುವ ಭಾರಕ್ಕೆ ಮುಚ್ಚಳ ಕಿತ್ತುಬರುತ್ತದೆಂದು ಅಳಿಸಿದಳು. ಮನೆಯಲ್ಲಿ ನನ್ನೊಂದಿಗೆ ಮಾತು ಕಡಿಮೆಯಾಯಿತು. ಸೂಪಿಗೆ ಉಪ್ಪು ಹಾಕುವುದನ್ನು ಮರೆತಳು. ನಾನೂ ಬಾಯಿಮುಚ್ಚಿಕೊಂಡು ತಿಂದೆ.

ಒಂದು ಮಧ್ಯಾಹ್ನ ಏನೋ ಕೇಳಲು ಅವಳ ಕೋಣೆಗೆ ಹೋಗಿದ್ದೆ. ಅವಳು ಪರದೆಯನ್ನು ದಿಟ್ಟಿಸುತ್ತ ಕೂತಿದ್ದಳು. ಪರದೆಯ ಮೇಲೆ ಮಡಕೆ ಅಡ್ಡಡ್ಡ ಬಿದ್ದಿತ್ತು.

"ಇದ್ಯಾಕೆ ಮಲಗಿದೆ?" ಎಂದೆ.

"ನಾನೇ ಮಲಗ್ಸಿದೆ. ಇಷ್ಟು ದಿನ ನಿಲ್ಸ್ಕೊಂಡೇ ನೋಡ್ತಿದ್ವಿ ಕಣೋ. ಮಡಕೆ ಅಂದ್ರೆ ನಿಂತಿರ್ಬೇಕು, ಬಾಯಿ ಕಡೆಯಿಂದಾನೇ ಬರ್ಬೇಕು ಅಂತ. ಯಾರು ಹೇಳಿದ್ರು?"

ಅವಳು ಮಲಗಿದ ಮಡಕೆಯನ್ನು ಬಾಯಿಂದ ತಳದವರೆಗೆ ಉದ್ದಕ್ಕೆ ಸೀಳಿದಳು. ಮೇಲಿನ ಅರ್ಧವನ್ನು ಅಳಿಸಿದಳು. ಉಳಿದದ್ದು ಅರ್ಧ ಮಡಕೆ, ತೆರೆದ ದೋಣಿಯಂತೆ. ಅಚ್ಚು ಈಗ ಬಾಯಿಯ ಕಡೆಯಿಂದಲ್ಲ, ಪಕ್ಕದಿಂದ ತೆರೆದುಕೊಳ್ಳಬೇಕು ಎಂದು ಕಂಪ್ಯೂಟರಿಗೆ ಹೇಳಿ ಗುಂಡಿ ಒತ್ತಿದಳು. ಉಬ್ಬಿದ ಹೊಟ್ಟೆಯೂ ಹಸಿರು, ಕಿರಿದಾದ ಬಾಯಿಯೂ ಹಸಿರು.

ಮಿಕ್ಕಿದ್ದನ್ನು ಅವಳು ಎಷ್ಟು ಬೇಗ ಮಾಡಿದಳೆಂದರೆ ನನಗೆ ನಿಂತಲ್ಲೇ ನೋಡುವುದಷ್ಟೇ ಕೆಲಸವಾಯಿತು. ಅರ್ಧ ಮಡಕೆಯ ಎಡ ಅಂಚಿಗೆ ಕೊಕ್ಕೆಗಳನ್ನು ಕೊಟ್ಟಳು, ಬಲ ಅಂಚಿಗೆ ಕೊಕ್ಕೆ ಕೂರುವ ಕಿಂಡಿಗಳನ್ನು. ಅಂಥವೇ ಎರಡು ಹೋಳನ್ನು ಎದುರು ಬದುರು ಹಿಡಿದರೆ ಇದರ ಕೊಕ್ಕೆಗೆ ಅದರ ಕಿಂಡಿ, ಅದರ ಕೊಕ್ಕೆಗೆ ಇದರ ಕಿಂಡಿ. ಎರಡು ಹೋಳಿಗೆ ಒಂದೇ ಅಚ್ಚು ಸಾಕು. ಒಮ್ಮೆ ಒತ್ತಿ ಕೂಡಿಸಿದರೆ ಬರಿಗೈಯಲ್ಲಿ ಬಿಡಿಸಲಾಗದಂತೆ ಕೊಕ್ಕೆಯ ಮೂಗನ್ನು ಒಳಗೆ ಬಾಗಿಸಿದಳು. ಆಮೇಲೆ ಹೊಟ್ಟೆಯ ಒಳಗೆ ಬಳೆ ಬಳೆಯಾಗಿ ಏಣುಗಳನ್ನು ಎಬ್ಬಿಸಿದಳು. ನಿಲ್ಲಿಸಿದ ಮಡಕೆಯಲ್ಲಿ ಅಂಥ ಏಣು ಇಟ್ಟಿದ್ದರೆ ಅಚ್ಚು ಸಿಕ್ಕಿಕೊಂಡು ಸಾಯುತ್ತಿತ್ತು. ಮಲಗಿಸಿದ ಮಡಕೆಯಲ್ಲಿ ಅವು ಆರಾಮವಾಗಿ ಕಳಚುತ್ತಿದ್ದವು.

"ಇದನ್ನ ಹಿಡ್ಕೊಂಡು ಕೂರ್ಲಿ ಅದು, ಎಂಟು ಕೈ ಇದಾವಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಹಾಲು ತಂದುಕೊಡು ಅನ್ನುವಷ್ಟೇ ಸಲೀಸಾಗಿ ಹೇಳಿದಳು: "ಹಾಂ, ಈ ಸಲ ಒಳಗಡೆ ಪಾಲಿಶ್ ಬೇಡ."

"ಏನಂದೆ?"

"ಪಾಲಿಶ್ ಮಾಡ್ಬೇಡ. ತರಿ ತರಿ ಇರ್ಲಿ. ಮರಳು ಕಾಗದದ ಥರ."

ನಾನು ಜೀವಮಾನವಿಡೀ ತರಿ ತೆಗೆದು ಹೊಟ್ಟೆ ಹೊರೆದವನು. ನನ್ನ ಹೆಂಡತಿಯೇ ನನಗೆ ಹೀಗೆ ಹೇಳಿದಳು. ಸಿಟ್ಟು ನೆತ್ತಿಗೇರಿತು. "ಊರಲ್ಲಿ ಯಾರ್ಗಾದ್ರೂ ಗೊತ್ತಾದ್ರೆ ಅಮಾಂದಿಯುಗೆ ಕೈ ನಡುಗೋಕೆ ಶುರುವಾಯ್ತು ಅಂತಾರೆ," ಎಂದೆ.

"ಸಮುದ್ರದ ತಳದಲ್ಲಿ ಯಾರು ನೋಡ್ತಾರೋ?"

"ನಂಗೆ ಗೊತ್ತಿರತ್ತಲ್ಲ."

"ಆಕ್ಟೋಪಸ್ಸಿಗೂ ಗೊತ್ತಾಗ್ಬೇಕು. ಅದಕ್ಕೇ ಹೇಳ್ತಿರೋದು."

ಒಂದು ವಾರ ನಾನು ಅವಳೊಂದಿಗೆ ಸೆಡವಿನಲ್ಲೇ ಇದ್ದೆ. ಮಾತಾಡಲಿಲ್ಲ ಎಂದಲ್ಲ, ಬೇಕಾದಷ್ಟೇ ಆಡಿದೆ. ಕೊನೆಗೆ ಲೋಹಕ್ಕೆ ಕಿಡಿ ಹಾರಿಸಿ ತರಿ ಎಬ್ಬಿಸುವ ಯಂತ್ರದ ಮುಂದೆ ನಾನೇ ನಿಂತೆ. ತರಿಯೇ ಆಗಲಿ, ಅದನ್ನು ಬೇರೆಯವರು ಕೆಡಿಸುವುದು ನನಗೆ ಇಷ್ಟವಿರಲಿಲ್ಲ. ಒಂದೇ ಸಮನಾದ, ಹಸುವಿನ ನಾಲಿಗೆಯಂಥ ತರಿ ಬಂತು. ಇದಲೀನ ಬೆರಳಾಡಿಸಿ ನೋಡಿ ನನ್ನ ಕೆನ್ನೆ ಹಿಂಡಿ ಹೋದಳು. ಗ್ರಾಸಿಯೆತಿ ಅದನ್ನೂ ನೋಡಿದಳು, ಅದಕ್ಕೂ ಒಂದು ಮಾತು ಆಡಿದಳು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ.

ವಸಂತದಲ್ಲಿ ಹೊಸ ಮಡಕೆಗಳು ಸಮುದ್ರಕ್ಕಿಳಿದವು. ಜೆಫೆರೀನು ಫೋನ್ ಮಾಡಲಿಲ್ಲ. ಇದಲೀನಳೂ ಮಾಡಲಿಲ್ಲ. ಬೆಲಾರ್ಮೀನು ದಿನಾ ಬೆಳಿಗ್ಗೆ ಅವಳ ಕೋಣೆಯಲ್ಲಿ ತಲೆ ಹಾಕಿ ಕೆಮ್ಮಿ ಹೋಗುತ್ತಿದ್ದರು. ಅವಳು ಕಾರಿನ ಬಾಗಿಲ ಹಿಡಿಯ ಕೆಲಸದಲ್ಲಿ ಮುಳುಗಿದಂತೆ ಇರುತ್ತಿದ್ದಳು. ಮುಳುಗಿರಲಿಲ್ಲ. ಮನೆಯಲ್ಲಿ ಒಂದು ಸಂಜೆ ಸುಮ್ಮನೆ ಚಾಕು ಹಿಡಿದು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದವಳು ಕೈ ನಿಲ್ಲಿಸಿ, "ಕಣ್ಣು ಮೊದಲಿನ ಹಾಗಿಲ್ಲ, ಅಂಚು ಕೆರೆಯೋದೂ ಕಷ್ಟಾನೇ," ಎಂದಳು. ಅವಳು ಸೋಲುತ್ತಾಳೆಂದು ನಾನು ಯಾವತ್ತೂ ಅಂದುಕೊಂಡವನಲ್ಲ. ಸೋತರೆ ಮಾತ್ರ ಖಂಡಿತ ಆ ಸ್ಟೂಲಿನಲ್ಲಿ ಹೋಗಿ ಕೂರುತ್ತಾಳೆ, ಯಾರು ಹೇಳಿದರೂ ಏಳುವುದಿಲ್ಲ ಎಂದು ಗೊತ್ತಿತ್ತು.

ಸಂತ ಪೇದ್ರು ಹಬ್ಬಕ್ಕೆ ಪೆನಿಶ್‌ನ ಬೀದಿಗಳಲ್ಲಿ ಬಣ್ಣದ ಕಾಗದ ಕಟ್ಟಲು ಶುರುವಾಗಿತ್ತು. ಆಗ ಜೆಫೆರೀನು ಕರೆಸಿದ. "ನಾಳೆ ಎತ್ತುತ್ತೀನಿ. ಬರೋದಾದ್ರೆ ಬನ್ನಿ. ಭಾವನಿಗೆ ಕಾಫಿ ಕೊಡ್ಬೇಡ."

ಸಮುದ್ರ ಆ ದಿನ ಶಾಂತವಾಗಿತ್ತು. ಹಗ್ಗ ರಾಟೆಯ ಮೇಲೆ ಕಿರುಗುಟ್ಟುತ್ತ ಬಂತು. ಮೊದಲ ಹೊಸ ಮಡಕೆ ಖಾಲಿ. ಎರಡನೆಯದೂ ಖಾಲಿ. ಇದಲೀನ ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಅಲುಗಾಡದೆ ನಿಂತಿದ್ದಳು. ಆಮೇಲೆ ಬಂದದ್ದರಲ್ಲಿ ಆಕ್ಟೋಪಸ್ ಇತ್ತು. ಮಡಕೆ ವಾಲಿದರೂ ಜಾರಲಿಲ್ಲ. ಜೆಫೆರೀನು ಉಪ್ಪುನೀರು ಚಿಮ್ಮಿಸಿದ, ಸಾಲಲಿಲ್ಲ, ಮತ್ತೆ ಚಿಮ್ಮಿಸಿದ, ಬೈದುಕೊಂಡು ಬುಟ್ಟಿಗೆ ಹಾಕಿದ. ಇನ್ನೊಂದು ಬಂತು. ಅದನ್ನೂ ಹಾಕಿದ. ಸರಿ ಇದೆ ಎಂದು ಮಾತ್ರ ಅವನು ಅನ್ನಲಿಲ್ಲ. ಇವಳೂ ಕೇಳಲಿಲ್ಲ. ಇಬ್ಬರ ಹಟವೂ ಒಂದೇ ಬಸಿರಿನದು.

ಮುಂದೆ ಬಂದ ಮಡಕೆಯನ್ನು ಅವನು ಉಪ್ಪುನೀರಿಗಾಗಿ ಎತ್ತಿದವನು ಹಾಗೇ ನಿಂತುಬಿಟ್ಟ. ಬಿಸಿಲು ಒಳಗೆ ಬೀಳುವಂತೆ ಬಾಯಿಯನ್ನು ತಿರುಗಿಸಿದ. ಕೂಡಲೇ ಮಡಕೆಯನ್ನು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಿಡಿದ.

"ಏನಾಯ್ತು? ಕೊಕ್ಕೆ ಮುರೀತಾ?" ಎಂದಳು ಇದಲೀನ.

"ಬಾ ಇಲ್ಲಿ."

ನಾವಿಬ್ಬರೂ ಬಗ್ಗಿ ನೋಡಿದೆವು. ಒಳಗಿನ ಏಣುಗಳಿಂದ, ಆ ತರಿಯಿಂದ, ಅಕ್ಕಿ ಕಾಳಿನಂಥ ಬಿಳಿ ಮೊಟ್ಟೆಗಳು ಎಳೆ ಎಳೆಯಾಗಿ ಗೊಂಚಲು ಗೊಂಚಲು ಜೋತುಬಿದ್ದಿದ್ದವು. ಅವುಗಳ ಹಿಂದೆ ತಾಯಿ ಆಕ್ಟೋಪಸ್ ಗೋಡೆಗೆ ಒತ್ತಿಕೊಂಡು ಕೂತಿತ್ತು. ಎರಡು ತೋಳುಗಳನ್ನು ಮೊಟ್ಟೆಗಳ ಮೇಲೆ ಚಾಚಿ ನಮ್ಮನ್ನು ನೋಡುತ್ತಿತ್ತು.

"ಪ್ಲಾಸ್ಟಿಕ್ಕಲ್ಲಿ ಇದನ್ನ ನಾನು ನೋಡಿಲ್ಲ," ಎಂದ ಜೆಫೆರೀನು. "ಅಪ್ಪನೂ ಇಂಥದ್ದನ್ನ ಮೇಲೆ ಇಟ್ಕೊಳ್ತಿರ್ಲಿಲ್ಲ. ವಾಪಸ್ ಬಿಡ್ಬೇಕು."

"ಬಿಡೋಣ," ಎಂದಳು ಇದಲೀನ. "ಬೇಗ."

ಅವನು ಹಗ್ಗವನ್ನು ತಾನು ಹಿಡಿಯಲಿಲ್ಲ. ತನ್ನ ದೋಣಿಯಲ್ಲಿ ಬೇರೆಯವರು ಹಗ್ಗ ಮುಟ್ಟಿದರೆ ಕೈ ಕಡಿಯುವಂತೆ ನೋಡುವವನು, ಆ ಹಗ್ಗವನ್ನು ಅಕ್ಕನ ಕೈಗೆ ಕೊಟ್ಟ. "ನಿಧಾನಕ್ಕೆ ಬಿಡು. ಎಲ್ಲೂ ಬಡೀಬಾರ್ದು," ಎಂದು ಚಾಲಕನ ಕೋಣೆಗೆ ಹೋದ. ಬಾಗಿಲು ತೆರೆದೇ ಇತ್ತು. ರೇಡಿಯೋ ಗೊರಗುಟ್ಟಿತು.

"ಎಲ್ಲಾ ದೋಣಿಯೋರೂ ಕೇಳ್ರಪ್ಪಾ, ಜೆಫೆರೀನು ಮಾತಾಡ್ತಿರೋದು. ನಮ್ಮಕ್ಕ ಮಾಡಿದ ಮಡಕೇಲಿ ತಾಯಿ ಮೊಟ್ಟೆ ಇಟ್ಟಿದೆ. ಗೋಡೆ ತುಂಬಾ ಇಟ್ಟಿದೆ. ಈಗ ವಾಪಸ್ ಬಿಡ್ತಾ ಇದೀವಿ."

ರೇಡಿಯೋದಲ್ಲಿ ಒಬ್ಬ ಮುದಿ ದೋಣಿ ಯಜಮಾನನ ದನಿ ಬಂತು. "ಪ್ಲಾಸ್ಟಿಕ್ ಮಡಕೇಲಾ?"

"ಹೌದು ಮೆಸ್ತ್ರೆ. ಇದಲೀನ ಅಂತ. ನಮ್ಮಕ್ಕ."

ಆ ಹೆಸರು ಸಮುದ್ರದ ಮೇಲಿದ್ದ ಎಲ್ಲ ದೋಣಿಗಳಲ್ಲೂ ಕೇಳಿಸಿತು. ಮಡಕೆ ಸರಿ ಇದೆ ಎನ್ನುವುದಕ್ಕಿಂತ ದೊಡ್ಡ ಮಾತು ಅದು, ಅವಳ ಕುರ್ಚಿ ಇನ್ನು ಅವಳದೇ. ನಾನು ಅವಳ ಕಡೆ ನೋಡಿದೆ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಗೇಣು ಗೇಣಾಗಿ ಹಗ್ಗ ಬಿಡುತ್ತಲೇ ಇದ್ದಳು. ನಾನು ನನ್ನ ಅಂಗಿಯ ತೋಳಿನಿಂದ ಅವಳ ಮುಖ ಒರೆಸಿದೆ.

"ಸರಿ, ತಡಿ," ಎಂದಳು. "ಇನ್ನೂ ತಳ ಮುಟ್ಟಿಲ್ಲ."